ಹಳೇ ಅಲ್ಯೂಮಿನಿಯಂ ಕ್ಯಾರವಾನ್‌ಗೆ ಬಣ್ಣ ಹೊಡೆಸುವ ಮುಂಚೆ ಇದನ್ನು ಓದಿ

ತೋಟದಲ್ಲಿ ಹಳೇ ಟ್ರೈಲರ್ ಕ್ಯಾರವಾನ್ ಇಟ್ಟುಕೊಂಡು, ಅದರ ಹೊರಮೈಗೆ ಹೊಸ ಬಣ್ಣ ಹೊಡೆಸಬೇಕು ಅಂತಿರುವವರು ದಯವಿಟ್ಟು ಮುಂಗಡ ಕೊಡುವ ಮುಂಚೆ ಇದನ್ನು ಓದಿ.

ನಮ್ಮದು ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದೊಳಗೆ, ಸಿಲ್ವರ್ ಓಕ್ ನೆರಳಿನಲ್ಲಿ ನಿಂತಿದೆ. ಒಳಗೆ ಕಬ್ಬಿಣದ ಫ್ರೇಮ್, ಹೊರಗೆ ಅಲ್ಯೂಮಿನಿಯಂ ಹಾಳೆ. ಹುತ್ತರಿ ಸುಗ್ಗಿ ಹಬ್ಬಕ್ಕೆ ನೆಂಟರು ಬರುವಷ್ಟರಲ್ಲಿ ಮುಗಿಸಿಕೊಡುತ್ತೇವೆ ಅಂತ ಒಬ್ಬ ಕಂಟ್ರಾಕ್ಟರ್ ಒಪ್ಪಿಕೊಂಡರು. ಅಲ್ಯೂಮಿನಿಯಂ ಕೆಲಸ ಗೊತ್ತು ಅಂತ ಅವರೇ ಹೇಳಿದ್ದರು. ಮಾಡಿದ್ದು ಮಾತ್ರ ಗೇಟಿಗೆ ಮಾಡುವ ಕೆಲಸ. ರೆಡ್ ಆಕ್ಸೈಡ್ ಬಳಿದು, ಮೇಲೆ ಮಾಮೂಲಿ ಎನಾಮಲ್ ಹೊಡೆದು, ದುಡ್ಡು ತೆಗೆದುಕೊಂಡು ಹೋದರು. ಆವಾಗ ಚೆನ್ನಾಗಿಯೇ ಹೊಳೆಯುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಕಿಟಕಿಗಳ ಕೆಳಗೆ ಗುಳ್ಳೆ ಎದ್ದವು. ಜುಲೈ ಹೊತ್ತಿಗೆ ಉಗುರು ಹಾಕಿದರೆ ಸಾಕು, ಹಾಲಿನ ಕೆನೆ ಎತ್ತಿದ ಹಾಗೆ ಬಣ್ಣ ಇಡೀ ಹಾಳೆಯಾಗಿ ಬರುತ್ತಿತ್ತು. ಒಂದು ಚಕ್ಕೆ ತಿರುಗಿಸಿ ನೋಡಿದೆ: ಹಿಂಬದಿ ಕೆಂಪು, ಅದಕ್ಕೆ ಅಂಟಿಕೊಂಡ ಬಿಳಿ ಪುಡಿ. ಬಿಸಿಲಿಗೆ ಪುಡಿಯಾಗಿದ್ದ ಹಳೇ ಬಣ್ಣ ಅದು. ತೊಳೆದೂ ಇರಲಿಲ್ಲ, ಉಜ್ಜಿಯೂ ಇರಲಿಲ್ಲ. ಬರಿ ಲೋಹ ಕಾಣುತ್ತಿದ್ದ ಕಡೆ ಸ್ಯಾಂಡ್‌ಪೇಪರಿನ ಒಂದು ಗೀರು ಇಲ್ಲ. ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಮಾಡಿದ ಪ್ರೈಮರ್, ನುಣುಪಾದ ಅಲ್ಯೂಮಿನಿಯಂ ಮೇಲೆ ಅದು ಹಿಡಿಯುವುದಿಲ್ಲ. ಉಜ್ಜಿದ್ದ ಒಂದೆರಡು ಕಡೆಯೂ ಕಬ್ಬಿಣದ ತಂತಿ ಬ್ರಷ್ಷಿನಲ್ಲಿ ಉಜ್ಜಿದ್ದರು, ಅದರ ಚೂರುಗಳು ಅಲ್ಲೇ ಸಿಕ್ಕಿಕೊಂಡು ಕಂದು ಚುಕ್ಕೆಗಳಾಗಿ ತುಕ್ಕು ಹಿಡಿದಿದ್ದವು.

ಇನ್ನೊಂದು ದೊಡ್ಡ ಮೋಸ ಸಿಲಿಕೋನ್. ಜಾಯಿಂಟ್‌ಗಳಲ್ಲಿದ್ದ ಹಳೇ ಸಿಲಿಕೋನ್ ಕೀಳದೆ ಅದರ ಮೇಲೇ ಬಣ್ಣ ಹೊಡೆದಿದ್ದರು. ಸಿಲಿಕೋನ್ ಮೇಲೆ ಯಾವ ಬಣ್ಣವೂ ನಿಲ್ಲಲ್ಲ. ಅದನ್ನು ಪೂರ್ತಿ ಕಿತ್ತು, ಸಾಲ್ವೆಂಟ್‌ನಲ್ಲಿ ಒರೆಸಿ, ಬಣ್ಣ ಬಳಿಯಬಹುದಾದ ಪಾಲಿಯುರೆಥೇನ್ ಸೀಲೆಂಟ್ ಹಾಕಿಸಿ. ಚಾವಣಿಯ ಜಾಯಿಂಟ್‌ಗಳನ್ನು ನೀವೇ ಹತ್ತಿ ನೋಡಿ, ಅಲ್ಲಿ ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ.

ಸರಿಯಾದ ಕೆಲಸ ಹೀಗಿರುತ್ತದೆ. ಮೊದಲು ಜಿಡ್ಡು, ಮೇಣ ತೆಗೆಯಬೇಕು. ಆಮೇಲೆ ಉಜ್ಜಬೇಕು. ಉಜ್ಜಿದ ಅಲ್ಯೂಮಿನಿಯಂ ಮೇಲೆ ಗಾಳಿಗೆ ತಕ್ಷಣ ಆಕ್ಸೈಡ್ ಪದರ ಕಟ್ಟಲು ಶುರುವಾಗುತ್ತದೆ, ಹಾಗಾಗಿ ಅದೇ ದಿನ ಎಚ್ (etch) ಪ್ರೈಮರ್, ಅಂದರೆ ಲೋಹದ ಮೈಯನ್ನು ಸ್ವಲ್ಪ ಕೊರೆದು ಹಿಡಿದುಕೊಳ್ಳುವ ಪ್ರೈಮರ್, ಬೀಳಬೇಕು, ನಾಳೆ ನೋಡೋಣ ಅಂದರೆ ಮತ್ತೆ ಉಜ್ಜಿಸಿ. ಮೇಲಿನ ಪದರಗಳೆಲ್ಲ ಒಂದೇ ಕಂಪನಿಯವಾದರೆ ಒಳ್ಳೆಯದು. ಎರಡು ಡಬ್ಬ ಬೆರೆಸಿ ಹೊಡೆಯುವ ಟೂ-ಕೆ ಪಾಲಿಯುರೆಥೇನ್ ಜಾಸ್ತಿ ಬಾಳಿಕೆ ಬರುತ್ತದೆ, ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನುವ, ಉಸಿರಿಗೆ ಅಪಾಯಕಾರಿಯಾದ ರಾಸಾಯನಿಕ ಇರುತ್ತದೆ. ಬಟ್ಟೆ ಮಾಸ್ಕ್ ಕಟ್ಟಿಕೊಂಡು ಹುಡುಗರು ಸ್ಪ್ರೇ ಮಾಡುವುದಕ್ಕೆ ಬಿಡಬೇಡಿ, ಅವರ ಶ್ವಾಸಕೋಶದ ಪ್ರಶ್ನೆ ಅದು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸುವುದೂ ಬೇಡ. ಬೇಗ ಕೀಳುತ್ತದೆ ಅಂತ ಕಾಸ್ಟಿಕ್ ಸೋಡಾ ತರುವವರಿದ್ದಾರೆ, ಅದು ಬಣ್ಣದ ಜೊತೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ.

ನಮ್ಮ ಊರಿನ ಹವೆ ಬೇರೆ ಇದೆ ಅಲ್ವಾ. ಬೆಳಿಗ್ಗೆ ಮಂಜು ಬಿದ್ದು ಹಾಳೆ ಒದ್ದೆಯಾಗಿರುವಾಗಲೇ ನಮ್ಮ ಕೆಲಸದವರು ಶುರು ಮಾಡುತ್ತಿದ್ದರು. ತೇವಾಂಶ ಶೇಕಡ 85 ದಾಟಿದ್ದರೆ ಬಣ್ಣ ಮುಟ್ಟಬಾರದು, ಲೋಹದ ಬಿಸಿ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು. ಜನವರಿ, ಫೆಬ್ರವರಿಯಲ್ಲಿ ಬಿಸಿಲು ಏರಿದ ಮೇಲೆ ಶುರು ಮಾಡಿ, ಸಂಜೆ ತಂಪಾಗುವ ಮುಂಚೆ ನಿಲ್ಲಿಸಿ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬೇಕಾದರೂ ಬರಬಹುದು. ಎಳೆದುಕೊಂಡು ಹೋಗುವ ಸ್ಥಿತಿಯಲ್ಲಿದ್ದರೆ ಕುಶಾಲನಗರದ ಕಡೆ ಒಂದು ಶೆಡ್ ನೋಡಿ, ಅಲ್ಲಿ ಮಳೆ ಕಡಿಮೆ.

ನಮ್ಮದನ್ನು ಈಗ ಪೂರ್ತಿ ಕೆರೆದು ಮತ್ತೆ ಮಾಡಿಸುತ್ತಿದ್ದೇವೆ, ಖರ್ಚು ಮೊದಲಿಗಿಂತ ಜಾಸ್ತಿ. ಮೊದಲಿನವರು ಫೋನ್ ಎತ್ತುತ್ತಿಲ್ಲ. ಹಾಗಾಗಿ ಈ ಸಲ ಪ್ರತಿ ಹಂತಕ್ಕೂ ಬೇರೆ ಕಂತು. ಉಜ್ಜಿದ ಲೋಹ ಕಣ್ಣಾರೆ ನೋಡಿದ ಮೇಲೆ ಒಂದು, ಪ್ರೈಮರ್ ಆದ ಮೇಲೆ ಒಂದು. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಮೂಲೆಯಲ್ಲಿ ಬ್ಲೇಡಿನಿಂದ ಚೌಕ ಚೌಕವಾಗಿ ಗೀರಿ, ಟೇಪ್ ಅಂಟಿಸಿ ಎಳೆದು ನೋಡುತ್ತೇವೆ. ಕೊನೇ ಕಂತು ಒಂದು ಮಳೆಗಾಲ ಕಳೆದ ಮೇಲೆ. ಹೊಸಬರು ಇದಕ್ಕೆ ಒಪ್ಪಿ ಬರೆದುಕೊಟ್ಟಿದ್ದಾರೆ. ನೀವೂ ಮೊದಲೇ ಬರೆಸಿಕೊಳ್ಳಿ.