ಹಳೇ ಗೋವಾದ ಸಂತ ಆಗಸ್ಟೀನ್ ಅವಶೇಷ: ಗೋಪುರಕ್ಕಿಂತ ನೆಲ ನೋಡಿ

ಹುಬ್ಬಳ್ಳಿ, ಬೆಳಗಾವಿಯಿಂದ ಬಂದವರು ಬೊಮ್ ಜೀಸಸ್ ಚರ್ಚು ಮುಗಿಸಿ, ಎದುರಿನ ಗುಡ್ಡದ ಒಂಟಿ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಗೋಪುರ ಭವ್ಯವೇ, ಮೊದಲು 46 ಮೀಟರ್ ಎತ್ತರವಿತ್ತು. ಆದರೆ 1602ರಲ್ಲಿ ಮುಗಿದ ಈ ಚರ್ಚಿನ ಜೀವ ಇರುವುದು ಪಾಳುಬಿದ್ದ ಚಾಪೆಲ್‌ಗಳ (ಒಳಗಿನ ಕಿರು ಪ್ರಾರ್ಥನಾ ಕೋಣೆಗಳ) ನೆಲಕ್ಕೆ ಹಾಸಿದ ಗೋರಿಕಲ್ಲುಗಳಲ್ಲಿ.

ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ಓರೆ ಬಿಸಿಲಿನಲ್ಲಿ ಕೆತ್ತನೆಯ ಅಂಚಿಗೆ ನೆರಳು ಬೀಳುತ್ತದೆ. ನಡುಮಧ್ಯಾಹ್ನ ಅದೇ ಕಲ್ಲು ಬೋಳು. ಮೋಡವಿದ್ದರೆ ಮೊಬೈಲ್ ಟಾರ್ಚನ್ನು ನೆಲಮಟ್ಟದಲ್ಲಿ ಪಕ್ಕದಿಂದ ಹಿಡಿಯಿರಿ. ಭಾಷೆ ಪೋರ್ಚುಗೀಸ್. ‘ಯು’ ಇರಬೇಕಾದಲ್ಲಿ ‘ವಿ’ ಕೆತ್ತಿರುತ್ತಾರೆ, ಜಾಗ ಸಾಲದೆ ಎರಡಕ್ಷರ ಬೆಸೆದಿರುತ್ತಾರೆ. ಹೆಸರಿನ ನಂತರ ‘ಎರ್ದೈರುಸ್’ ಕಂಡರೆ ವಾರಸುದಾರರು ಎಂದರ್ಥ: ಆ ಕಲ್ಲು ಇಡೀ ಮನೆತನದ್ದು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜಬೇಡಿ, ಪುಡಿ ಕಲ್ಲಿನ ರಂಧ್ರಕ್ಕಿಳಿದರೆ ತೆಗೆಯುವುದು ಕಷ್ಟ. ಕೆತ್ತನೆಯ ಮೇಲೆ ನಡೆಯಲೂ ಬೇಡಿ. ಕಲ್ಲುಕಲ್ಲಿಗೂ ಓದಿನ ಫಲಕ ಹಾಕಿದ್ದರೆ ಜನ ತಾವಾಗಿಯೇ ಬದಿಗೆ ಸರಿಯುತ್ತಿದ್ದರು. ಇಲ್ಲಿನ ದೊಡ್ಡ ಕೊರತೆ ಇದೇ.

ಕುಸಿತದ ಕಾರಣ ಗೋಡೆಯಲ್ಲೇ ಓದಬಹುದು. ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿಗೆ ಗಟ್ಟಿ, ಆದರೆ ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆಯೇ ಅದರ ಗೊರಬು, ಮಳೆ ತಡೆಯುವ ಹೊದಿಕೆ. ಈ ಚರ್ಚಿನ ಒಡೆಯರಾದ ಆಗಸ್ಟೀನ್ ಪಾದ್ರಿಗಳದ್ದೂ ಸೇರಿ ಧಾರ್ಮಿಕ ಸಂಘಗಳನ್ನು ಪೋರ್ಚುಗಲ್ ರದ್ದು ಮಾಡಿದ ಮೇಲೆ 1835ರಲ್ಲಿ ಚರ್ಚು ಅನಾಥವಾಯಿತು, ಗಾರೆ ಹಚ್ಚುವವರಿಲ್ಲದೆ 1842ರಲ್ಲಿ ಕಮಾನುಚಾವಣಿ ಬಿತ್ತು. ಮುಂಭಾಗ ಮತ್ತು ಅರ್ಧ ಗೋಪುರ ಉರುಳಿದ್ದು 1931ರಲ್ಲಿ. ಜಾರ್ಜಿಯಾದ ರಾಣಿ ಕೆತೆವಾನಳ ಅಸ್ಥಿ ದೊರೆತದ್ದೂ ಇದೇ ಅವಶೇಷದಲ್ಲಿ; ಹೈದರಾಬಾದಿನ ಡಿಎನ್‌ಎ ಪರೀಕ್ಷೆಯ ಬಳಿಕ 2021ರಲ್ಲಿ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟರು.

ಒಂದೂವರೆ ಗಂಟೆ ಬೇಕು. ನೆರಳಿಲ್ಲ, ಟೊಪ್ಪಿಗೆ ಮತ್ತು ನೀರು ಇರಲಿ. ಮಳೆಗಾಲದಲ್ಲಿ ಹಾಸುಗಲ್ಲಿಗೆ ಪಾಚಿ ಕಟ್ಟುವುದರಿಂದ ಹಿಡಿತದ ಚಪ್ಪಲಿ ಹಾಕಿ. ಶುಕ್ರವಾರ ಮಾತ್ರ ಬೇಡ, ಅಂದು ಕೆಳಗಿನ ಪುರಾತತ್ವ ಮ್ಯೂಸಿಯಂ ಮುಚ್ಚಿರುತ್ತದೆ. ಅಲ್ಲಿ ಗೋವಾ ಕದಂಬರ ಕಾಲದ ವೀರಗಲ್ಲುಗಳಿವೆ. ಗುಡ್ಡದ ಗೋರಿಕಲ್ಲು ನೋಡಿ ನೇರ ಅಲ್ಲಿಗಿಳಿಯಿರಿ: ಒಂದೆಡೆ ಸತ್ತವನ ಹೆಸರು ಮತ್ತು ಲಾಂಛನ, ಇನ್ನೊಂದೆಡೆ ಅವನು ಕಾದಿದ ಕಾಳಗ.