ಸ್ವಿಚ್ ಕೊಂಡ ಮೇಲೆ: ಯಾವ ಆಟಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

ನಿಂಟೆಂಡೊ ಕಂಪನಿಯ ವಿಡಿಯೊ ಗೇಮ್ ಯಂತ್ರ (ಕನ್ಸೋಲ್) ಸ್ವಿಚ್ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಪರದೆ, ಬ್ಯಾಟರಿ, ಪ್ರೊಸೆಸರ್‌ಗಳಲ್ಲೇ ಮುಗಿದುಹೋಗುತ್ತವೆ. ವರ್ಷಗಟ್ಟಲೆ ಬಳಸುವವರಿಗೆ ಅದು ಸಾಲದು. ಯಂತ್ರದ ಹಣ ಒಮ್ಮೆ ಕೊಟ್ಟರೆ ಮುಗಿಯಿತು, ಆಮೇಲಿನ ಖರ್ಚೆಲ್ಲ ಆಟಗಳದು. ಮುಂದಿನ ಆಟ ಯಾವಾಗ ಬರುತ್ತದೆ, ಬಂದ ದಿನವೇ ಕೊಳ್ಳಬೇಕೇ, ಆರು ತಿಂಗಳು ತಡೆದರೆ ಬೆಲೆ ಇಳಿಯುತ್ತದೆಯೇ ಎಂಬುದೇ ಮನೆಯಲ್ಲಿ ಈ ಕನ್ಸೋಲ್ ಇಟ್ಟುಕೊಂಡವರ ನಿಜವಾದ ಚಿಂತೆ. ಮೊದಲ ಸ್ವಿಚ್ಚನ್ನು ಹಲವು ವರ್ಷ ಬಳಸಿ ಈಗ ಸ್ವಿಚ್ 2ರಲ್ಲಿ ಆಡುತ್ತಿರುವ ನನ್ನ ತೀರ್ಮಾನ ಇಷ್ಟು: ಇಲ್ಲಿ ದಿನಾಂಕಕ್ಕೆ ಕಾಯುವುದು ಬೇರೆ, ಬೆಲೆಗೆ ಕಾಯುವುದು ಬೇರೆ. ಇವೆರಡನ್ನು ಬೆರೆಸದೆ ನೋಡುವವರಿಗೆ ಈ ಯಂತ್ರ ಕೊಟ್ಟ ಹಣಕ್ಕೆ ತಕ್ಕದ್ದು, ಎಷ್ಟೋ ಸಲ ಅದಕ್ಕೂ ಮಿಗಿಲು.

ಮುಂದೆ ಹೇಳುವ ಬೆಲೆಗಳೆಲ್ಲ ಅಮೆರಿಕದ ಅಧಿಕೃತ ಬೆಲೆಗಳು. ಹೋಲಿಸಿ ನೋಡಲು ಅದು ಅನುಕೂಲ.

ಯಂತ್ರದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಸ್ವಿಚ್ ಬಂದದ್ದು 2017ರ ಮಾರ್ಚ್ 3ರಂದು, 300 ಡಾಲರ್‌ಗೆ. 6.2 ಇಂಚಿನ 720ಪಿ ಪರದೆ, ಕೇವಲ 32 ಜಿಬಿ ಸಂಗ್ರಹ. ಕಾಗದದ ಮೇಲೆ ಆಗಲೂ ಅದೊಂದು ಬಲಿಷ್ಠ ಯಂತ್ರವಾಗಿರಲಿಲ್ಲ. ಆದರೆ ಗುಂಡಿ ಒತ್ತಿದರೆ ನಿದ್ದೆಗೆ ಜಾರಿ, ಮತ್ತೆ ಒತ್ತಿದರೆ ನಿಂತ ಜಾಗದಿಂದಲೇ ಆಟ ಮುಂದುವರಿಸುವ ಗುಣವೊಂದೇ ಅದನ್ನು ನನ್ನ ದಿನಚರಿಗೆ ಸೇರಿಸಿತು. ಹತ್ತು ನಿಮಿಷ ಸಿಕ್ಕರೆ ಹತ್ತು ನಿಮಿಷದ ಆಟ. ದೊಡ್ಡ ಆಟಗಳನ್ನು ಮುಗಿಸಲು ದೀರ್ಘ ಬಿಡುವು ಬೇಕೆಂಬ ಮಾತೇ ಇದರ ಮುಂದೆ ನಿಲ್ಲಲಿಲ್ಲ. ಕೊಳ್ಳುವ ಲೆಕ್ಕಕ್ಕೂ ಇದಕ್ಕೂ ನೇರ ಸಂಬಂಧವಿದೆ: ಮುಗಿಸುವ ಆಟಕ್ಕೆ ಪೂರ್ಣ ಬೆಲೆ ಕೊಡಲು ಕೈ ಹಿಂಜರಿಯುವುದಿಲ್ಲ.

ಈಗ ಬೆಲೆಯ ವಿಷಯ. ಬೇರೆ ಕನ್ಸೋಲ್‌ಗಳಿಂದ ಬಂದವರು ಒಂದು ಅಭ್ಯಾಸವನ್ನು ಜೊತೆಗೇ ತಂದಿರುತ್ತಾರೆ: ವರ್ಷ ಕಳೆದರೆ ಯಾವ ಆಟವೂ ಅರ್ಧ ಬೆಲೆಗೆ ಸಿಗುತ್ತದೆ ಎಂಬ ನಂಬಿಕೆ. ನಿಂಟೆಂಡೊ ತಾನೇ ಪ್ರಕಟಿಸುವ ಆಟಗಳ ಮಟ್ಟಿಗೆ ಈ ನಂಬಿಕೆ ಕೈಕೊಡುತ್ತದೆ. 'ಮಾರಿಯೊ ಕಾರ್ಟ್ 8 ಡಿಲಕ್ಸ್' 2017ರ ಏಪ್ರಿಲ್‌ನಲ್ಲಿ 60 ಡಾಲರ್‌ಗೆ ಬಂದಿತು. ಸ್ವಿಚ್‌ನ ಆಯುಷ್ಯ ಮುಗಿಯುತ್ತ ಬಂದಾಗಲೂ ಅದರ ಪಟ್ಟಿ ಬೆಲೆ 60 ಡಾಲರೇ. ಅದೂ ಅದರ ಮೂಲ ಆವೃತ್ತಿ ವೀ ಯು ಎಂಬ ಹಿಂದಿನ ಕನ್ಸೋಲ್‌ಗೆ 2014ರಲ್ಲೇ ಬಂದಿತ್ತು ಎಂಬುದು ಗೊತ್ತಿದ್ದೂ. ನಿಂಟೆಂಡೊದ ಆನ್‌ಲೈನ್ ಅಂಗಡಿಯಾದ ಇ-ಶಾಪ್‌ನಲ್ಲಿ ಆಗೀಗ ರಿಯಾಯಿತಿ ಬರುತ್ತದೆ, ಮಾರ್ಚ್ 10ರ ಮಾರಿಯೊ ದಿನದ ಆಸುಪಾಸಿನಲ್ಲಿ ಆಯ್ದ ಆಟಗಳು 40 ಡಾಲರ್‌ಗೆ ಇಳಿಯುತ್ತವೆ. ಮೂರರಲ್ಲೊಂದು ಪಾಲಿನಷ್ಟು ಕಡಿತ ಎಂದರೆ ಅದೇ ದೊಡ್ಡದು. ಅದಕ್ಕಿಂತ ಕೆಳಗೆ ಇಳಿದೀತೆಂದು ಕುಳಿತವರು ಕುಳಿತೇ ಇರುತ್ತಾರೆ.

ಹಿಂದೆ ಹೀಗಿರಲಿಲ್ಲ. ವೀ, 3ಡಿಎಸ್, ವೀ ಯು ಎಂಬ ಹಿಂದಿನ ಕನ್ಸೋಲ್‌ಗಳ ಕಾಲದಲ್ಲಿ 'ನಿಂಟೆಂಡೊ ಸೆಲೆಕ್ಟ್ಸ್' ಎಂಬ ಸಾಲಿತ್ತು. ಚೆನ್ನಾಗಿ ಮಾರಾಟವಾದ ಹಳೆಯ ಆಟಗಳು ಅದರಲ್ಲಿ 20 ಡಾಲರ್‌ಗೆ ಮರಳಿ ಬರುತ್ತಿದ್ದವು. ಸ್ವಿಚ್‌ಗೆ ಅಂಥ ಸಾಲು ಬರಲೇ ಇಲ್ಲ, ಬರುವ ಅಗತ್ಯವೂ ಕಂಪನಿಗೆ ಕಾಣಲಿಲ್ಲ. 'ಮಾರಿಯೊ ಕಾರ್ಟ್ 8 ಡಿಲಕ್ಸ್' ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಹೊಸದಾಗಿ ಕನ್ಸೋಲ್ ಕೊಳ್ಳುವವರು ಪ್ರತಿ ವರ್ಷವೂ ಆ ಹಳೆಯ ಆಟವನ್ನೇ ಜೊತೆಗೆ ಕೊಳ್ಳುತ್ತಿದ್ದರೆ ಬೆಲೆ ಇಳಿಸಲು ಕಾರಣವಾದರೂ ಏನು? ವರ್ಷಕ್ಕೊಂದು ಹೊಸ ಭಾಗ ಬರುವ ಕ್ರೀಡಾ ಆಟಗಳಂತೆ ಇಲ್ಲಿ ಹೊಸದು ಬಂದು ಹಳೆಯದನ್ನು ಮೂಲೆಗೆ ತಳ್ಳುವುದೂ ಇಲ್ಲ.

ಇದು ನನಗೆ ಒಪ್ಪಿಗೆಯೇ ಎಂದು ಕೇಳಿದರೆ ಅರ್ಧ ಒಪ್ಪಿಗೆ. ಎಂಟು ವರ್ಷ ಹಳೆಯ ಆಟಕ್ಕೆ ಹೊಸ ಆಟದ ಬೆಲೆ ಹೆಚ್ಚೇ. ಆದರೆ ಇದೇ ನೀತಿಯಿಂದ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪುಟ್ಟ ಕಾರ್ಡು ಕೊಂಡವರಿಗೆ ಲಾಭವೂ ಇದೆ. ಪಟ್ಟಿ ಬೆಲೆ ಕುಸಿಯದಿದ್ದರೆ ಕೈಬದಲಾಗುವಾಗಿನ ಬೆಲೆಯೂ ಕುಸಿಯುವುದಿಲ್ಲ. ಮುಗಿಸಿದ ಮಾರಿಯೊ, ಜೆಲ್ಡಾ ಕಾರ್ಟ್ರಿಜ್‌ಗಳನ್ನು ಮಾರಿ ಮುಂದಿನ ಆಟದ ಹಣದ ದೊಡ್ಡ ಪಾಲನ್ನು ಹೊಂದಿಸಿಕೊಳ್ಳುವುದು ನನ್ನ ರೂಢಿ. ಡಿಜಿಟಲ್ ಪ್ರತಿಗೆ ಈ ದಾರಿ ಇಲ್ಲ. ಅಂಗುಷ್ಠದ ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಆ ಕಾರ್ಡಿಗೆ ಮಕ್ಕಳು ಬಾಯಿಗೆ ಹಾಕದಿರಲೆಂದು ಕಹಿ ಲೇಪ ಹಚ್ಚಿರುತ್ತಾರೆ. ಅಷ್ಟು ಚಿಕ್ಕ ವಸ್ತು ತನ್ನ ಬೆಲೆಯನ್ನು ಇಷ್ಟು ಕಾಲ ಹಿಡಿದಿಟ್ಟುಕೊಳ್ಳುವುದು ಬೇರೆ ಯಾವ ಕನ್ಸೋಲ್‌ನಲ್ಲೂ ನನಗೆ ಕಂಡಿಲ್ಲ. ನಿಂಟೆಂಡೊದ ಆಟವಾದರೆ ಕಾರ್ಟ್ರಿಜ್, ಬೇರೆಯವರದಾದರೆ ಡಿಜಿಟಲ್ ಎಂಬುದು ಹೀಗಾಗಿ ನನ್ನ ನಿಯಮ.

ಬೇರೆ ಪ್ರಕಾಶಕರದು ಪೂರ್ತಿ ಬೇರೆಯೇ ಕಥೆ. ಮಾರಿಯೊ ಪಾತ್ರವೇ ಇರುವ 'ಮಾರಿಯೊ + ರ‍್ಯಾಬಿಡ್ಸ್ ಕಿಂಗ್‌ಡಮ್ ಬ್ಯಾಟಲ್' 2017ರ ಆಗಸ್ಟ್‌ನಲ್ಲಿ 60 ಡಾಲರ್‌ಗೆ ಬಂದಿತು. ಅದರ ಪ್ರಕಾಶಕರು ಯೂಬಿಸಾಫ್ಟ್. ಕೆಲವೇ ವರ್ಷಗಳಲ್ಲಿ ಅದು ಬೆಲೆಯ ಮುಕ್ಕಾಲು ಭಾಗ ಕಳಚಿಕೊಂಡು ರಿಯಾಯಿತಿ ಪಟ್ಟಿಗಳಲ್ಲಿ ಪದೇಪದೇ ಕಾಣಿಸಿಕೊಳ್ಳತೊಡಗಿತು. ಪಾತ್ರ ಯಾರದು ಎಂಬುದಲ್ಲ, ಪೆಟ್ಟಿಗೆಯ ಮೂಲೆಯಲ್ಲಿ ಪ್ರಕಾಶಕರ ಮುದ್ರೆ ಯಾರದು ಎಂಬುದನ್ನು ನೋಡಬೇಕು. ಇಂಥ ಆಟಗಳನ್ನು ನಾನು ಇ-ಶಾಪ್‌ನ ವಿಶ್‌ಲಿಸ್ಟ್‌ಗೆ ಹಾಕಿ ಬಿಡುತ್ತೇನೆ. ಆಗಾಗ ಪಟ್ಟಿ ತೆರೆದರೆ ಹಳೆಯ ಬೆಲೆಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸ ಬೆಲೆ, ರಿಯಾಯಿತಿ ಮುಗಿಯುವ ದಿನ ತೋರಿಸಿರುತ್ತಾರೆ. ಒಮ್ಮೆ ಇಳಿದ ಬೆಲೆ ಮತ್ತೆ ಏರಿದರೂ ಕೆಲವು ತಿಂಗಳಲ್ಲಿ ಅದೇ ಮಟ್ಟಕ್ಕೆ ಮರಳುವುದು ಸಾಮಾನ್ಯ, ಆದ್ದರಿಂದ ಕೊನೆಯ ದಿನದ ಆತುರಕ್ಕೆ ಬಲಿಯಾಗಬೇಕಿಲ್ಲ.

ಕಾಯಲೇಬಾರದ ಆಟಗಳೂ ಇವೆ. 'ಸೂಪರ್ ಮಾರಿಯೊ 3ಡಿ ಆಲ್-ಸ್ಟಾರ್ಸ್' 2020ರ ಸೆಪ್ಟೆಂಬರ್ 18ರಂದು ಬಂದು 2021ರ ಮಾರ್ಚ್ 31ಕ್ಕೆ ಮಾರಾಟದಿಂದಲೇ ಹೊರಟುಹೋಯಿತು. ಮೂರು ಹಳೆಯ ಮಾರಿಯೊ ಆಟಗಳ ಆ ಸಂಗ್ರಹಕ್ಕೆ ಕೊಟ್ಟದ್ದು ಆರು ತಿಂಗಳು ಚಿಲ್ಲರೆ. ಡಿಜಿಟಲ್ ಆಟಕ್ಕೆ ದಾಸ್ತಾನು ಮುಗಿಯುವ ಪ್ರಶ್ನೆಯೇ ಇಲ್ಲದಿರುವಾಗ ಅದನ್ನು ಅಂಗಡಿಯಿಂದ ಎತ್ತಿಬಿಡುವುದು ಗ್ರಾಹಕರ ಮೇಲೆ ಹೇರುವ ಅನಗತ್ಯ ಒತ್ತಡ ಎಂಬುದು ನನ್ನ ದೃಢ ಅಭಿಪ್ರಾಯ. ಇದಕ್ಕಿಂತ ದೊಡ್ಡ ಕೊನೆಯ ದಿನವೂ ಇರುತ್ತದೆ. 3ಡಿಎಸ್ ಮತ್ತು ವೀ ಯು ಇ-ಶಾಪ್‌ಗಳಲ್ಲಿ 2023ರ ಮಾರ್ಚ್ 27ಕ್ಕೆ ಹೊಸ ಖರೀದಿ ನಿಂತೇಹೋಯಿತು. ಡಿಜಿಟಲ್ ಆಗಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಆಮೇಲೆ ಯಾವ ಬೆಲೆಗೂ ಕೊಳ್ಳುವಂತಿಲ್ಲ.

ದಿನಾಂಕಕ್ಕೆ ಕಾಯುವುದರಲ್ಲಿ ಈ ಕನ್ಸೋಲ್ ನಮ್ಮ ತಾಳ್ಮೆಯನ್ನು ಚೆನ್ನಾಗಿಯೇ ಪರೀಕ್ಷಿಸಿದೆ. 'ಮೆಟ್ರಾಯ್ಡ್ ಪ್ರೈಮ್ 4' ಘೋಷಣೆಯಾದದ್ದು 2017ರ ಜೂನ್‌ನಲ್ಲಿ, ಒಂದು ಲಾಂಛನ ಮಾತ್ರ ತೋರಿಸಿ. 2019ರ ಜನವರಿಯಲ್ಲಿ ನಿಂಟೆಂಡೊ ತಾನಾಗಿ ಮುಂದೆ ಬಂದು, ಗುಣಮಟ್ಟ ಸಾಲದು, ರೆಟ್ರೊ ಸ್ಟುಡಿಯೋಸ್ ಜೊತೆ ಮೊದಲಿನಿಂದ ಶುರು ಮಾಡುತ್ತೇವೆ ಎಂದು ತಿಳಿಸಿತು. ಕೊನೆಗೆ ಆಟ ಕೈಗೆ ಬಂದದ್ದು 2025ರ ಡಿಸೆಂಬರ್ 4ರಂದು. ಆ ನಡುವೆ 2023ರ ಫೆಬ್ರುವರಿಯಲ್ಲಿ ಅದೇ ಸರಣಿಯ ಮೊದಲ ಭಾಗದ ಹೊಸ ರೂಪ ಮುನ್ಸೂಚನೆಯೇ ಇಲ್ಲದೆ, ಹೊಸ ಆಟಗಳನ್ನು ಘೋಷಿಸುವ ನಿಂಟೆಂಡೊ ಡೈರೆಕ್ಟ್ ಎಂಬ ವಿಡಿಯೊ ಕಾರ್ಯಕ್ರಮದಲ್ಲಿ ತೋರಿಸಿದ ದಿನವೇ 40 ಡಾಲರ್‌ಗೆ ಮಾರಾಟಕ್ಕೆ ಬಂದಿತ್ತು. ಎಂಟು ವರ್ಷ ಹೆಸರು ಜಪಿಸಿದ ಆಟಕ್ಕಿಂತ ಒಂದು ಮಾತೂ ಹೇಳದೆ ಬಂದ ಈ ಆಟವೇ ನನಗೆ ಹೆಚ್ಚು ಸಂತೋಷ ಕೊಟ್ಟಿತು.

'ಹಾಲೋ ನೈಟ್: ಸಿಲ್ಕ್‌ಸಾಂಗ್' ಕಾಯುವಿಕೆಯ ಇನ್ನೊಂದು ತುದಿ. 2019ರ ಫೆಬ್ರುವರಿಯಲ್ಲಿ ಘೋಷಣೆ, ವರ್ಷಗಟ್ಟಲೆ ಮೌನ, ಪ್ರತಿ ಡೈರೆಕ್ಟ್‌ಗೂ ಮುನ್ನ ಅಭಿಮಾನಿಗಳ ನಿರೀಕ್ಷೆ, ಪ್ರತಿ ಸಲವೂ ನಿರಾಸೆ. 2025ರ ಆಗಸ್ಟ್‌ನಲ್ಲಿ ದಿನಾಂಕ ಹೇಳಿದವರು ಎರಡೇ ವಾರದಲ್ಲಿ, ಸೆಪ್ಟೆಂಬರ್ 4ರಂದು ಆಟವನ್ನು ಕೈಗಿತ್ತರು. ಬೆಲೆ 20 ಡಾಲರ್. ಅದೇ ಹೊತ್ತಿಗೆ ದೊಡ್ಡ ಆಟಗಳು 70, 80 ಡಾಲರ್‌ಗೆ ಏರುತ್ತಿದ್ದವು. ಸಿಲ್ಕ್‌ಸಾಂಗ್ ಖರೀದಿಗೆ ಜನ ಮುಗಿಬಿದ್ದ ರಭಸಕ್ಕೆ ಡಿಜಿಟಲ್ ಅಂಗಡಿಗಳೇ ತತ್ತರಿಸಿದವು. ಆರೂವರೆ ವರ್ಷದ ಕುತೂಹಲವನ್ನು ಹಣವಾಗಿಸಿಕೊಳ್ಳಲು ಅದನ್ನು ಮಾಡಿದ ಟೀಮ್ ಚೆರ್ರಿಯವರಿಗೆ ಎಲ್ಲ ಅವಕಾಶವಿತ್ತು. ಅವರು ಹಾಗೆ ಮಾಡಲಿಲ್ಲ. ಇಂಥ ಆಟಕ್ಕೆ ರಿಯಾಯಿತಿ ಬರಲೆಂದು ಕಾಯುವುದು ನನಗೆ ಸರಿಕಾಣುವುದಿಲ್ಲ. ಬಂದ ದಿನವೇ, ಹೇಳಿದ ಬೆಲೆಗೇ ಕೊಂಡೆ.

ಹಾಗಾದರೆ ಘೋಷಣೆಗಳನ್ನು ಎಷ್ಟು ನಂಬಬೇಕು? ನಾನು ನಂಬುವುದು ದಿನ, ತಿಂಗಳು, ವರ್ಷ ಮೂರೂ ಇರುವ ದಿನಾಂಕವನ್ನು ಮಾತ್ರ. ವರ್ಷವನ್ನಷ್ಟೇ ಹೇಳಿದರೆ ಅದು ಆಸೆ, ದಿನಾಂಕವಲ್ಲ. ಜೆಲ್ಡಾ ಸರಣಿಯ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಮೊದಲು 2022ಕ್ಕೆ ಎಂದಿದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ ಅದನ್ನು ಮುಂದಕ್ಕೆ ಹಾಕಿದರು. ಸೆಪ್ಟೆಂಬರ್‌ನಲ್ಲಿ ಆಟದ ಹೆಸರಿನ ಜೊತೆಗೆ 2023ರ ಮೇ 12 ಎಂದು ಹೇಳಿದ ಮೇಲೆ ಅದು ಕದಲಲಿಲ್ಲ. ಬೆಲೆ ಮಾತ್ರ 70 ಡಾಲರ್ ಆಗಿತ್ತು, ಸ್ವಿಚ್‌ನಲ್ಲಿ ನಿಂಟೆಂಡೊದ ಮೊದಲ 70 ಡಾಲರ್ ಆಟ.

ಪ್ರೀ-ಆರ್ಡರ್ ಬಗ್ಗೆ ಬಹಳ ಹೇಳುವುದಿಲ್ಲ. ಡಿಜಿಟಲ್ ಪ್ರತಿ ಮುಗಿದುಹೋಗುವುದಿಲ್ಲ, ಹಾಗಾಗಿ ನನಗೆ ಅದರ ಅಗತ್ಯ ಕಂಡಿಲ್ಲ. ಮಾಡಿದರೂ ಬಿಡುಗಡೆಗೆ ಏಳು ದಿನ ಮೊದಲಿನವರೆಗೆ ಇ-ಶಾಪ್‌ನಲ್ಲಿ ರದ್ದು ಮಾಡಲು ಅವಕಾಶವಿದೆ. ಅದಕ್ಕಿಂತ ಉಪಯೋಗಕ್ಕೆ ಬರುವುದು ಡೆಮೊ, ಅಂದರೆ ಕೊಳ್ಳುವ ಮುನ್ನ ಉಚಿತವಾಗಿ ಆಡಿನೋಡಲು ಕೊಡುವ ಭಾಗ. ಈ ಕನ್ಸೋಲ್‌ನ ಡೆಮೊಗಳು ನಿಜಕ್ಕೂ ಉದಾರ. 'ಡ್ರ್ಯಾಗನ್ ಕ್ವೆಸ್ಟ್ 11 ಎಸ್' ಡೆಮೊದಲ್ಲಿ ಸುಮಾರು ಹತ್ತು ಗಂಟೆ ಆಡಬಹುದಿತ್ತು, ಆಡಿದ್ದನ್ನೆಲ್ಲ ಪೂರ್ಣ ಆಟಕ್ಕೆ ಹಾಗೇ ಒಯ್ಯಬಹುದಿತ್ತು. ಎಷ್ಟೇ ಟ್ರೇಲರ್ ನೋಡಿದರೂ ಆ ಹತ್ತು ಗಂಟೆಗೆ ಸಮವಲ್ಲ.

ಇನ್ನು ಯಂತ್ರದ ಬೆಲೆಗೇ ಕಾಯುವವರಿಗೆ. 2011ರಲ್ಲಿ 3ಡಿಎಸ್ 250 ಡಾಲರ್‌ಗೆ ಬಂದು ಐದು ತಿಂಗಳೊಳಗೆ 170ಕ್ಕೆ ಇಳಿದಿತ್ತು. ಮೊದಲೇ ಕೊಂಡವರಿಗೆ ಸಮಾಧಾನವಾಗಿ 20 ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟರು. ಆ ನೆನಪಿನಲ್ಲಿ ಸ್ವಿಚ್‌ಗೂ ಕಾದವರಿದ್ದಾರೆ. ಆದದ್ದು ತಿರುಗುಮುರುಗು: 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಎಂಟು ವರ್ಷ ಹಳೆಯ ಸ್ವಿಚ್‌ನ ಬೆಲೆ 300ರಿಂದ 340 ಡಾಲರ್‌ಗೆ, ಒಎಲ್‌ಇಡಿ ಮಾದರಿ 350ರಿಂದ 400ಕ್ಕೆ ಏರಿತು. ಹಳತಾದಷ್ಟೂ ಅಗ್ಗವಾಗುವುದು ಕನ್ಸೋಲ್‌ಗಳ ಹಳೆಯ ಪದ್ಧತಿ. ಅದನ್ನು ನಂಬಿ ಇನ್ನು ಲೆಕ್ಕ ಹಾಕುವಂತಿಲ್ಲ. ಹಾಗಾಗಿ ಆಡಬೇಕೆನಿಸುವ ಮೂರು ನಾಲ್ಕು ಆಟಗಳು ಈಗಾಗಲೇ ಇದ್ದರೆ ಯಂತ್ರಕ್ಕೆ ಕಾಯಬೇಡಿ ಎಂದೇ ಹೇಳುತ್ತೇನೆ.

ಸ್ವಿಚ್ 2 ಬಂದದ್ದು 2025ರ ಜೂನ್ 5ರಂದು, 450 ಡಾಲರ್‌ಗೆ. ಜೊತೆಗೆ ಬಂದ 'ಮಾರಿಯೊ ಕಾರ್ಟ್ ವರ್ಲ್ಡ್' 80 ಡಾಲರ್. ಕನ್ಸೋಲ್ ಜೊತೆಗಿನ ಕಟ್ಟಿನಲ್ಲಿ ಅದೇ ಆಟಕ್ಕೆ ಬಿದ್ದದ್ದು 50, ಆದ್ದರಿಂದ ಮೊದಲ ದಿನಗಳಲ್ಲಿ ಕಟ್ಟು ಕೊಂಡವರದೇ ಜಾಣತನ. ಆರು ವಾರದ ಮೇಲೆ ಬಂದ 'ಡಾಂಕಿ ಕಾಂಗ್ ಬನಾಂಜಾ' 70 ಡಾಲರ್. ಅಂದರೆ ಈಗ ಒಂದೇ ಸ್ಥಿರ ಬೆಲೆ ಎಂಬುದಿಲ್ಲ, ಆಟದಿಂದ ಆಟಕ್ಕೆ ಬೇರೆ. ಹಳೆಯ ಆಟಗಳು ಇದರಲ್ಲೂ ನಡೆಯುತ್ತವೆ ಎಂಬುದು ದೊಡ್ಡ ಸಮಾಧಾನ. 'ಬ್ರೆತ್ ಆಫ್ ದ ವೈಲ್ಡ್', 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಎಂಬ ಜೆಲ್ಡಾದ ಎರಡೂ ಆಟಗಳನ್ನು ತಲಾ 10 ಡಾಲರ್ ಕೊಟ್ಟು ಸ್ವಿಚ್ 2 ರೂಪಕ್ಕೆ ಏರಿಸಿಕೊಳ್ಳಬಹುದು, 50 ಡಾಲರ್‌ನ ವಾರ್ಷಿಕ ಆನ್‌ಲೈನ್ ಚಂದಾ ಇರುವವರಿಗೆ ಅದೂ ಬೇಡ. ಆ ಆಟಗಳ ನಾಡಾದ ಹೈರೂಲ್‌ನ ಬಯಲಿನಲ್ಲಿ ಕುದುರೆ ಓಡಿಸುವಾಗ ಹಿಂದೆ ತಡವರಿಸುತ್ತಿದ್ದ ದೃಶ್ಯ ಈಗ ನೀರು ಹರಿದಂತೆ ಸಾಗುತ್ತದೆ. ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ವ್ಯತ್ಯಾಸವನ್ನು ನಾನು ಎಣಿಸಿರಲಿಲ್ಲ.

ಆದರೆ ಕೊಳ್ಳುವ ಮುನ್ನ ಪೆಟ್ಟಿಗೆಯ ಮುಖವನ್ನು ಗಮನವಿಟ್ಟು ನೋಡಬೇಕಾದ ಕಾಲ ಬಂದಿದೆ. 'ಗೇಮ್-ಕೀ ಕಾರ್ಡ್' ಎಂದು ಕೆಳಗೆ ಬರೆದಿದ್ದರೆ ಆ ಕಾರ್ಡಿನೊಳಗೆ ಆಟವಿಲ್ಲ. ಆಟವನ್ನು ಇಳಿಸಿಕೊಳ್ಳಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. 256 ಜಿಬಿ ಸಂಗ್ರಹ ಬೇಗ ತುಂಬುತ್ತದೆ. ತುಂಬಿದರೆ ಹಳೆಯ ಮೈಕ್ರೊಎಸ್‌ಡಿ ಕಾರ್ಡ್‌ನಲ್ಲಿ ಸ್ವಿಚ್ 2 ಆಟಗಳು ಕೂರುವುದಿಲ್ಲ, ದುಬಾರಿಯಾದ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ಅದನ್ನೂ ಆಟದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಬೇರೆಯವರಿಗೆ ಮಾರಬಹುದು ಎಂಬುದೊಂದೇ ಗೇಮ್-ಕೀ ಕಾರ್ಡ್‌ನ ಉಪಯೋಗ, ಅದೂ ಇಳಿಸಿಕೊಳ್ಳುವ ಸರ್ವರ್ ನಡೆಯುವವರೆಗೆ. 'ಸೈಬರ್‌ಪಂಕ್ 2077'ರಂಥ ಭಾರಿ ಆಟವನ್ನೇ 64 ಜಿಬಿ ಕಾರ್ಡ್‌ನಲ್ಲಿ ಪೂರ್ತಿಯಾಗಿ ಕೊಟ್ಟಿರುವಾಗ, ಅದಕ್ಕಿಂತ ಎಷ್ಟೋ ಚಿಕ್ಕ ಆಟಗಳಿಗೂ ಬರೀ ಕೀಲಿ ಕೊಡುವುದನ್ನು ಒಪ್ಪಲಾಗದು.

ಮುಂದೆ ಬರುವವುಗಳಲ್ಲಿ ನನ್ನ ಕಣ್ಣು ಫ್ರಮ್‌ಸಾಫ್ಟ್‌ವೇರ್‌ನ 'ದ ಡಸ್ಕ್‌ಬ್ಲಡ್ಸ್' ಮೇಲಿದೆ. ಸ್ವಿಚ್ 2ಕ್ಕೆಂದೇ ಮಾಡುತ್ತಿರುವ ಈ ಆಟವನ್ನು 2025ರ ಏಪ್ರಿಲ್‌ನಲ್ಲಿ ತೋರಿಸಿದಾಗ ಹೇಳಿದ್ದು 2026 ಎಂಬ ವರ್ಷ ಮಾತ್ರ. ಅದು ಹಲವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಆಡುವ ಆಟ. ಇಂಥವು ಮೊದಲ ವಾರಗಳಲ್ಲಿ ಜನ ತುಂಬಿರುವಾಗಲೇ ರುಚಿ, ವರ್ಷ ಕಾದು ಅಗ್ಗಕ್ಕೆ ಕೊಂಡರೆ ಎದುರಾಳಿಗಳೇ ಕಡಿಮೆಯಾಗಿರುತ್ತಾರೆ. ಹಾಗಾಗಿ ಬೆಲೆ ಏನೇ ಇರಲಿ ಬಂದ ವಾರವೇ ಕೊಳ್ಳುತ್ತೇನೆ. ಕಾರ್ಟ್ರಿಜ್‌ನಲ್ಲಿ ಪೂರ್ತಿ ಆಟವಿದ್ದರೆ ಕಾರ್ಟ್ರಿಜ್, ಬರೀ ಕೀಲಿಯಾದರೆ ಡಿಜಿಟಲ್.