ಫ್ಯಾನಿನ ಬೇರಿಂಗ್‌ಗೆ ಗ್ರೀಸ್ ಗನ್ನೋ, ಲ್ಯೂಬ್ರಿಕೇಟರೋ, ಸೀಲ್ಡ್ ಬೇರಿಂಗೋ?

ತಾರಿಹಾಳದಲ್ಲಿ ಫ್ಯಾಬ್ರಿಕೇಷನ್ ಶೆಡ್ ನಡೆಸುವವರೊಬ್ಬರ ಪ್ರಶ್ನೆ: ಎಕ್ಸಾಸ್ಟ್ ಫ್ಯಾನುಗಳಿಗೆ ಈ ಮೂರರಲ್ಲಿ ಯಾವುದು ಸರಿ?

ಖರ್ಚು ನೋಡಿದರೆ ಕೈಯಿಂದ ಒತ್ತಿ ಗ್ರೀಸ್ ತುಂಬುವ ಗನ್ನೇ ಅಗ್ಗ. ಆದರೆ ಎಲ್ಲವೂ ಹಿಡಿದವನ ಕೈಯಲ್ಲಿದೆ. ಗ್ರೀಸ್ ಎಷ್ಟು ಹಾಕಿದರೂ ಒಳ್ಳೆಯದೇ ಎಂದುಕೊಳ್ಳುವವರೇ ಹೆಚ್ಚು; ಬೇರಿಂಗ್ ಕೂರುವ ಗೂಡು, ಅಂದರೆ ಹೌಸಿಂಗ್, ಪೂರ್ತಿ ತುಂಬಿದರೆ ಗ್ರೀಸ್ ಒಳಗೇ ಕಡೆದುಕೊಂಡು ಬೇರಿಂಗ್ ಬಿಸಿಯಾಗುತ್ತದೆ. ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದಷ್ಟಿದ್ದರೆ ಸಾಕು. ಗ್ರೀಸ್ ಒಳಹೋಗುವ ಬಾಯಿಯಾದ ನಿಪ್ಪಲ್ ಒರೆಸದೆ ಗನ್ ಒತ್ತಿದರೆ ಅದರ ಮೇಲೆ ಕುಳಿತ ದೂಳೂ ಒಳಗೆ ಹೋಗುತ್ತದೆ. ಬ್ಯಾಡಗಿಯ ಮೆಣಸಿನಪುಡಿ ಗಿರಣಿಯಂಥ ಕಡೆ ಇದು ಸಣ್ಣ ಮಾತಲ್ಲ. ಲಿಥಿಯಂ ಗ್ರೀಸ್ ಇದ್ದಲ್ಲಿ ಪಾಲಿಯೂರಿಯಾ ಗ್ರೀಸ್ ಬೆರೆಸಬೇಡಿ, ತೆಳ್ಳಗಾಗಿ ಸೋರಬಹುದು.

ಏಣಿ ಹಾಕಿಯೇ ತಲುಪಬೇಕಾದ, ದಿನವಿಡೀ ಓಡುವ ಫ್ಯಾನಿಗೆ ತಾನಾಗಿ ಗ್ರೀಸ್ ಉಣಿಸುವ ಲ್ಯೂಬ್ರಿಕೇಟರ್ ಹಾಕಿಸಿದ ಹಣ ದಂಡವಲ್ಲ. ಆದರೆ ಹಂಗಾಮಿಗಷ್ಟೇ ಓಡುವ ಹತ್ತಿ ಜಿನ್ನಿಂಗ್ ಘಟಕಕ್ಕೆ ನಾನು ಹೇಳುವುದಿಲ್ಲ: ಗ್ಯಾಸ್ ಒತ್ತಡದ ಮಾದರಿಗಳು ಫ್ಯಾನ್ ನಿಂತಿದ್ದರೂ ಉಣಿಸುತ್ತಲೇ ಇರುತ್ತವೆ.

ಮೋಟಾರಿಗೇ ನೇರವಾಗಿ ಕೂರಿಸಿದ ಸಣ್ಣ ಫ್ಯಾನಿಗೆ ಒಳಗೆ ಗ್ರೀಸ್ ತುಂಬಿಯೇ ಮುಚ್ಚಿ ಬರುವ ಸೀಲ್ಡ್ ಬೇರಿಂಗ್ ಸುಲಭ. ಮತ್ತೆ ಗ್ರೀಸ್ ಹಾಕುವ ಗೋಜಿಲ್ಲ, ಸವೆದಾಗ ಬದಲಿಸುವುದಷ್ಟೇ. ಕುಲುಮೆಯ ಬಿಸಿ ಗಾಳಿ ಎಳೆಯುವ ಫ್ಯಾನಿನಲ್ಲಿ ಮಾತ್ರ ಒಳಗಿನ ಗ್ರೀಸ್ ಬೇಗ ಒಣಗುತ್ತದೆ. ಅಲ್ಲಿ ಗನ್ನೇ ವಾಸಿ.

ಯಾವುದನ್ನೇ ಆರಿಸಿದರೂ ಬೆಲ್ಟಿನ ಬಿಗಿತ, ಬೋಲ್ಟು, ಬ್ಲೇಡಿಗೆ ಅಂಟಿದ ಕೊಳೆ ನೋಡುವ ಕೆಲಸ ತಪ್ಪುವುದಿಲ್ಲ. ಕೊಳೆ ಒಂದೇ ಬದಿಗೆ ಕಟ್ಟಿದರೆ ಫ್ಯಾನ್ ನಡುಗುತ್ತದೆ, ಹೊಸ ಬೇರಿಂಗೂ ಬಾಳುವುದಿಲ್ಲ. ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕಿ, ರೆಕ್ಕೆ ಪೂರ್ತಿ ನಿಂತಿದೆಯೇ ನೋಡಿಕೊಳ್ಳಿ.